ಹೊಳೆಸಾಲಿನ ಮನೆ, ಹೊಲ, ದನ: ಮಹಾಪೂರದ ಅಪಾಯ ಅಳೆದು ವಿಮೆ ಮಾಡಿಸುವುದು ಹೇಗೆ?

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಲ್ಲಿ ನೀರು ಇಳಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಪರಿಹಾರ ಎಷ್ಟ ಬರ್ತದ್ರೀ?" ವಿಮೆಯ ಮಾತು ಬರುವುದು ಅಪರೂಪ. ಬಂದರೂ ಬೆಳೆವಿಮೆಯನ್ನು ದಾಟುವುದಿಲ್ಲ. ಅದಕ್ಕೆ ಕಾರಣವೂ ಇದೆ. ಹಳ್ಳಿಯ ಮನೆಗೆ ‘ಪ್ರವಾಹ ವಿಮೆ’ ಎಂಬ ಹೆಸರಿನ ಒಂದೇ ಪಾಲಿಸಿ ನಮ್ಮಲ್ಲಿಲ್ಲ. ಗೋಡೆಗೊಂದು ಪಾಲಿಸಿ, ಹೆಸರುಕಾಳಿನ ಬೆಳೆಗೊಂದು, ಎಮ್ಮೆಗೊಂದು, ಟ್ರ್ಯಾಕ್ಟರಿಗೊಂದು. ಒಂದೊಂದಕ್ಕೂ ಬೇರೆ ಕಚೇರಿ, ಬೇರೆ ಗಡುವು.

ಈ ಬರಹ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಳೆಸಾಲನ್ನು ಮುಂದಿಟ್ಟುಕೊಂಡದ್ದು. ನಿಯಮಗಳು ಭೀಮಾ ತೀರಕ್ಕೂ ತುಂಗಭದ್ರೆಯ ದಂಡೆಗೂ ಅನ್ವಯಿಸುತ್ತವೆ. ಬೇರೆಯಾಗುವುದು ನೀರು ಬರುವ ರೀತಿ, ಹಾಗಾಗಿ ಮೊದಲ ಹೆಜ್ಜೆ ಅಲ್ಲಿಂದಲೇ.

ಹೆಜ್ಜೆ 1: ನಿಮ್ಮೂರಿಗೆ ಬರುವುದು ಯಾರ ಮಳೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ಭಾಗದಲ್ಲಿ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಹೊಳೆ ಉಕ್ಕಬಹುದು. ಮಹಾಬಳೇಶ್ವರ, ಕೊಯ್ನಾ, ರಾಧಾನಗರಿ ಕಡೆಯ ಮಳೆ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂಲಕ ಇಲ್ಲಿಗೆ ಇಳಿಯುತ್ತದೆ. ಇಲ್ಲಿನವರು ಮನೆಯ ಆಕಾಶ ನೋಡುವುದಕ್ಕಿಂತ ಎರಡು ಸಂಖ್ಯೆಗಳನ್ನು ನೋಡುವುದು ಮೇಲು: 105 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯದ ಕೊಯ್ನಾ ಅಣೆಕಟ್ಟು ಎಷ್ಟು ತುಂಬಿದೆ, ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ಸ್ (ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಲೆಕ್ಕ) ಬರುತ್ತಿದೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿ ಬಂದರೆ ಅದು ಮೊದಲ ಎಚ್ಚರಿಕೆಯ ಗಂಟೆ.

ಗೋಕಾಕ, ಮುಧೋಳದವರಿಗೆ ಹಿಡಕಲ್ ಅಣೆಕಟ್ಟಿನ ಹೊರಹರಿವಿನ ಜೊತೆ ಮಾರ್ಕಂಡೇಯ ನದಿಯ ನೀರೂ ಸೇರುತ್ತದೆ. ಮಲಪ್ರಭಾ ಬೇರೆ ಸ್ವಭಾವದ ಹೊಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ನವಿಲುತೀರ್ಥ ಅಣೆಕಟ್ಟು ತುಂಬಿಸುವ ಈ ನದಿಯ ಪಾತ್ರ ಕೆಳಗಡೆ ಕಿರಿದು, ಒತ್ತುವರಿಯಿಂದ ಇನ್ನಷ್ಟು ಕಿರಿದು. ಕೃಷ್ಣೆ ಸುಮ್ಮನೆ ಸಾಗಿಸುವಷ್ಟು ನೀರು ಇಲ್ಲಿ ಊರೊಳಗೆ ನುಗ್ಗುತ್ತದೆ. ನರಗುಂದ, ರೋಣ ಕಡೆ ಬೆಣ್ಣಿಹಳ್ಳವೂ ಇದೆ. ಅದಕ್ಕೆ ಅಣೆಕಟ್ಟೂ ಇಲ್ಲ, ಮುನ್ಸೂಚನೆಗೆ ಹೆಚ್ಚು ಹೊತ್ತೂ ಇಲ್ಲ. ಹುಬ್ಬಳ್ಳಿ ಸುತ್ತಿನ ಎರೆಭೂಮಿಯಲ್ಲಿ ಜೋರು ಮಳೆಯಾದರೆ ರಾತ್ರೋರಾತ್ರಿ ಬಂದುಬಿಡುತ್ತದೆ.

ಇನ್ನೊಂದು ಬಗೆಯ ಅಪಾಯವನ್ನು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ತೋರಿಸಿತು. ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ಹೊಳೆಯಿಂದ ದೂರವಿದ್ದ ಮೇಲ್ಮುದ್ದೆ ಮನೆಗಳೂ ನೆನೆದು ಕುಸಿದವು. ನಿಮ್ಮದು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯಾಗಿದ್ದರೆ ಹೊಳೆ ಎಷ್ಟು ದೂರ ಎಂಬ ಲೆಕ್ಕ ಸಾಲದು.

ಕ್ಯೂಸೆಕ್ಸ್ ಮತ್ತು ಟಿಎಂಸಿ ಗೊಂದಲವಾದರೆ ಒಂದು ಸೂತ್ರ ನೆನಪಿಡಿ: 1 ಲಕ್ಷ ಕ್ಯೂಸೆಕ್ಸ್ ಇಡೀ ದಿನ ಹರಿದರೆ 8.64 ಟಿಎಂಸಿ. 123 ಟಿಎಂಸಿಯ ಆಲಮಟ್ಟಿಯಲ್ಲಿ 20 ಟಿಎಂಸಿ ಜಾಗ ಖಾಲಿಯಿದ್ದು, ಒಳಹರಿವು 3 ಲಕ್ಷ, ಹೊರಹರಿವು 2 ಲಕ್ಷ ಇದ್ದರೆ ಆ ಜಾಗ ಸುಮಾರು ಎರಡೂಕಾಲು ದಿನದಲ್ಲಿ ಮುಗಿಯುತ್ತದೆ. ಅದಾದ ಮೇಲೆ ಬಂದದ್ದೆಲ್ಲ ಕೆಳಗೆ.

ಹೆಜ್ಜೆ 2: ಹೊಸ್ತಿಲಿನ ಮಟ್ಟ ಅಳೆಯಿರಿ

ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ಖರ್ಚೂ ಇಲ್ಲ.

2019ರ ಆಗಸ್ಟ್‌ನ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು ಹೊಳೆಸಾಲಿನ ಬಹುತೇಕ ಊರುಗಳಲ್ಲಿ ಇನ್ನೂ ಸಿಗುತ್ತದೆ: ಗುಡಿಯ ಕಂಬದ ಮೇಲಿನ ಕಲೆ, ಶಾಲೆಯ ಗೋಡೆ, ಸೇತುವೆಯ ತಡೆಗೋಡೆ. ಊರ ಗೌಂಡಿಯ ಹತ್ತಿರ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಇರುತ್ತದಲ್ಲ, ಅದರ ಒಂದು ತುದಿಯನ್ನು ಆ ಗುರುತಿಗೆ ಹಿಡಿಯಿರಿ. ಇನ್ನೊಂದು ತುದಿಯಲ್ಲಿ ನೀರು ನಿಂತ ಎತ್ತರವನ್ನು ಮುಂದಿನ ಗೋಡೆಗೆ ಗುರುತು ಮಾಡಿ. ಹೀಗೆ ಗೋಡೆಯಿಂದ ಗೋಡೆಗೆ ಸಾಗಿಸುತ್ತ ನಿಮ್ಮ ಮನೆಗೆ ತನ್ನಿ. ಆ ಗೆರೆ ಹೊಸ್ತಿಲಿಗಿಂತ ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ಎಂದು ಅಳೆದು ಬರೆದಿಡಿ. ದನದ ಕೊಟ್ಟಿಗೆಗೆ, ಪಂಪ್‌ಸೆಟ್ಟಿಗೆ, ಕರೆಂಟ್ ಮೀಟರಿಗೂ ಇದೇ ಲೆಕ್ಕ. ಹೊಳೆಯ ನೀರಿಗೂ ಇಳಿಜಾರು ಇರುವುದರಿಂದ ಪಕ್ಕದೂರಿನ ಗುರುತನ್ನು ತಂದು ನಿಮ್ಮೂರಿಗೆ ಹಚ್ಚಬೇಡಿ.

ಈ ಅಳತೆ ಏಕೆ ಬೇಕು? ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಲ್ಲಿ ಎಚ್ಚರಿಕೆ ಮಟ್ಟ, ಅಪಾಯದ ಮಟ್ಟ, ಈವರೆಗಿನ ಗರಿಷ್ಠ ಮಟ್ಟ ಎಂದು ಮೂರು ಗೆರೆಗಳಿರುತ್ತವೆ. 2023ರಲ್ಲಿ ಆಯೋಗ ಹೊರತಂದ ‘ಫ್ಲಡ್‌ವಾಚ್ ಇಂಡಿಯಾ’ ಆ್ಯಪಿನಲ್ಲಿ ಇವನ್ನು ನೋಡಬಹುದು. "ಅಪಾಯದ ಮಟ್ಟ ದಾಟಿದೆ" ಎಂಬುದು ನದಿಯ ಸುದ್ದಿ, ನಿಮ್ಮ ಮನೆಯದಲ್ಲ. 2019ರ ನೀರಿಗಿಂತ ನಿಮ್ಮ ಹೊಸ್ತಿಲು ಮೂರು ಅಡಿ ಮೇಲಿದೆಯೋ, ಎರಡು ಅಡಿ ಕೆಳಗಿದೆಯೋ ತಿಳಿದಾಗ ಮಾತ್ರ ಆ ಸುದ್ದಿಗೆ ಅರ್ಥ ಬರುತ್ತದೆ. ಗುರುತು ಸಿಗದ ಊರಿನವರು ಇಸ್ರೋದ ‘ಭುವನ್’ ಜಾಲತಾಣದ ಮುಳುಗಡೆ ನಕ್ಷೆ ನೋಡಬಹುದು. ಅದು ಹೊಲದ ಮಟ್ಟಕ್ಕೆ ಸರಿ, ಓಣಿಯ ಮಟ್ಟಕ್ಕೆ ಒರಟು.

ಹೆಜ್ಜೆ 3: ‘ನೂರು ವರ್ಷಕ್ಕೊಮ್ಮೆ’ ಎಂಬ ಮಾತನ್ನು ನಂಬಬೇಡಿ

ಎಂಜಿನಿಯರುಗಳು ‘ನೂರು ವರ್ಷದ ಪ್ರವಾಹ’ ಎಂದರೆ ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ಶೇ 1 ಎಂದಷ್ಟೇ ಅರ್ಥ. 30 ವರ್ಷ ಆ ಮನೆಯಲ್ಲಿದ್ದರೆ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸುಮಾರು ಶೇ 26. ಕೃಷ್ಣಾ ಮೇಲ್ದಂಡೆಯಲ್ಲಿ 2005, 2019, 2021ರ ನೀರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲೆರಡರ ನಡುವೆ 14 ವರ್ಷ, ನಂತರದ್ದಕ್ಕೆ ಎರಡೇ ವರ್ಷ. "ಮೊನ್ನೆ ತಾನೆ ಬಂದು ಹೋಗೇತಿ, ಇನ್ನ ಹತ್ತ ವರ್ಷ ಚಿಂತಿಲ್ಲ" ಎನ್ನುವವರು ಪಾಲಿಸಿ ನವೀಕರಿಸದೆ ಬಿಡುವುದು ಇಂಥ ಹೊತ್ತಿನಲ್ಲೇ.

ಹೆಜ್ಜೆ 4: ಸರ್ಕಾರಿ ಪರಿಹಾರ ಎಷ್ಟು, ವಿಮೆ ಎಷ್ಟು ತುಂಬಬೇಕು?

ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಕೊಡುವ ನೆರವಿಗೆ ಕೇಂದ್ರ ದರ ನಿಗದಿ ಮಾಡುತ್ತದೆ. 2022-23ರಿಂದ 2025-26ರ ಅವಧಿಯ ಆದೇಶದಂತೆ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ₹1.20 ಲಕ್ಷ. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕಕ್ಕೆ ₹22,500, ಅದೂ ಎರಡು ಹೆಕ್ಟೇರಿನವರೆಗೆ. ಎಕರೆ ಲೆಕ್ಕದಲ್ಲಿ ಮಳೆಯಾಶ್ರಿತಕ್ಕೆ ಸುಮಾರು ₹3,440. ಹಾಲು ಕೊಡುವ ಆಕಳು, ಎಮ್ಮೆಗೆ ₹37,500, ಎತ್ತಿಗೆ ₹32,000, ಕುರಿ, ಮೇಕೆಗೆ ₹4,000. ನಂತರದ ವರ್ಷಗಳ ದರವನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಇದರ ಮೇಲೆ ರಾಜ್ಯ ಸರ್ಕಾರ ತನ್ನದನ್ನೂ ಸೇರಿಸುವುದುಂಟು. 2019ರಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ₹5 ಲಕ್ಷ, ನೀರು ನುಗ್ಗಿದ ಮನೆಗಳಿಗೆ ತುರ್ತಾಗಿ ₹10,000 ಘೋಷಿಸಿತ್ತು. 2025ರಲ್ಲಿ ಬೆಳೆ ಪರಿಹಾರಕ್ಕೆ ಹೆಕ್ಟೇರಿಗೆ ₹8,500 ಹೆಚ್ಚುವರಿ ಎಂದಿತು. ಆದರೆ ಆಯಾ ವರ್ಷದ ತೀರ್ಮಾನವನ್ನು ಹಕ್ಕೆಂದು ಕೇಳಲು ಬರುವುದಿಲ್ಲ. ಹಾನಿಯ ಲೆಕ್ಕದಲ್ಲಿ ಮನೆ ಎ, ಬಿ, ಸಿ ಯಾವ ವರ್ಗಕ್ಕೆ ಬಿತ್ತು ಎಂಬ ಒಂದೇ ಅಕ್ಷರದಿಂದ ಲಕ್ಷಗಳ ವ್ಯತ್ಯಾಸವಾಗುತ್ತದೆ, ಜಗಳ ನಡೆಯುವುದೂ ಅಲ್ಲಿಯೇ. ಪರಿಹಾರ ಊಟಕ್ಕೆ, ತಾತ್ಕಾಲಿಕ ಸೂರಿಗೆ ಆಸರೆ. ಮನೆ ಮತ್ತೆ ಕಟ್ಟುವ ದುಡ್ಡು ಅದರಿಂದ ಹುಟ್ಟುವುದಿಲ್ಲ. ಆ ಅಂತರವನ್ನು ತುಂಬಲು ವಿಮೆ.

ಹೆಜ್ಜೆ 5: ಮನೆಗೆ ‘ಭಾರತ್ ಗೃಹ ರಕ್ಷಾ’

2021ರ ಏಪ್ರಿಲ್ 1ರಿಂದ ಮನೆಗಳಿಗೆ ಒಂದೇ ಮಾದರಿಯ ಪಾಲಿಸಿ ಕೊಡುವುದನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಕಡ್ಡಾಯ ಮಾಡಿದೆ: ಭಾರತ್ ಗೃಹ ರಕ್ಷಾ. ಕಂಪನಿ ಯಾವುದಾದರೂ ಮೂಲ ಷರತ್ತುಗಳು ಅವೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಭೂಕುಸಿತದ ಜೊತೆ ಪ್ರವಾಹ ಹಾಗೂ ಜಲಾವೃತವೂ ಮೂಲ ರಕ್ಷಣೆಯಲ್ಲೇ ಸೇರಿವೆ, ಬೇರೆ ದುಡ್ಡು ಕಟ್ಟಬೇಕಿಲ್ಲ. ನನ್ನ ಅಂದಾಜಿಗೆ ಹೊಳೆಸಾಲಿನವರಿಗೆ ಇಷ್ಟು ಉಪಯುಕ್ತವಾಗಿದ್ದೂ ಇಷ್ಟು ಅಪರಿಚಿತವಾದ ಇನ್ನೊಂದು ಪಾಲಿಸಿ ಇಲ್ಲ.

ವಿಮಾ ಮೊತ್ತ ಲೆಕ್ಕ ಹಾಕುವಾಗ ಜಾಗದ ಬೆಲೆ ಬಿಡಿ. ಮನೆಯ ಒಳ ವಿಸ್ತೀರ್ಣವನ್ನು ಇಂದಿನ ಕಟ್ಟುವ ಖರ್ಚಿನಿಂದ ಗುಣಿಸಿ. 600 ಚದರ ಅಡಿಯ ಮನೆ, ನಿಮ್ಮ ಗೌಂಡಿ ಅಡಿಗೆ ₹1,500 ಎನ್ನುತ್ತಾನೆ ಎಂದಿಟ್ಟುಕೊಳ್ಳಿ: ₹9 ಲಕ್ಷ. ಇದರ ಶೇ 20, ಅಂದರೆ ₹1.80 ಲಕ್ಷದವರೆಗೆ ಒಳಗಿನ ಸಾಮಾನುಗಳಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಈ ಭಾಗಕ್ಕೆ ಗರಿಷ್ಠ ಮಿತಿ ₹10 ಲಕ್ಷ. ಅವಶೇಷ ತೆಗೆಸುವ ಖರ್ಚು, ಮನೆ ವಾಸಕ್ಕೆ ಬಾರದಿದ್ದರೆ ಬೇರೆಡೆಯ ಬಾಡಿಗೆಗೂ ಅವಕಾಶವಿದೆ. ಪಾಲಿಸಿಯನ್ನು 10 ವರ್ಷದವರೆಗೆ ಒಮ್ಮೆಗೇ ತೆಗೆದುಕೊಳ್ಳಬಹುದು. ಮರೆವಿನವರಿಗೆ ನಾನು ಹೇಳುವುದು ಅದನ್ನೇ.

ಇದರ ದೊಡ್ಡ ಅನುಕೂಲ ಇನ್ನೊಂದು. ಹಳೆಯ ಪಾಲಿಸಿಗಳಲ್ಲಿ ₹10 ಲಕ್ಷದ ಮನೆಗೆ ₹5 ಲಕ್ಷದ ವಿಮೆ ಮಾಡಿಸಿ ₹2 ಲಕ್ಷ ನಷ್ಟವಾದರೆ "ಅರ್ಧ ವಿಮೆ, ಅರ್ಧ ಕ್ಲೇಮ್" ಎಂದು ₹1 ಲಕ್ಷ ಕೊಡುತ್ತಿದ್ದರು. ಗೃಹ ರಕ್ಷಾದಲ್ಲಿ ಆ ಕಡಿತವಿಲ್ಲ.

ಸಿಗದೇ ಇರುವುದನ್ನೂ ತಿಳಿದಿರಿ. ನಗದು, ಕಾಗದಪತ್ರ, ವಾಹನ ಇದರಲ್ಲಿಲ್ಲ. ಟ್ರಂಕಿನಲ್ಲಿಟ್ಟ ದುಡ್ಡು ಹೋದರೆ ಹೋಯಿತು. ಬಂಗಾರಕ್ಕೆ ಬೇರೆ ಐಚ್ಛಿಕ ರಕ್ಷಣೆ ಸೇರಿಸಬೇಕು. ಕೊಟ್ಟಿಗೆಯ ದನ ಇದರೊಳಗೆ ಬರುವುದಿಲ್ಲ.

ಮಣ್ಣಿನ ಮನೆಯವರಿಗೆ ಒಂದು ಮಾತು. ಅರ್ಜಿಯಲ್ಲಿ ಗೋಡೆ ಯಾವುದರದು, ಮಾಳಿಗೆ ಯಾವುದರದು ಎಂದು ಇದ್ದದ್ದನ್ನು ಇದ್ದಂತೆ ಬರೆಸಿ. ಏಜೆಂಟ್ "ಆರ್‌ಸಿಸಿ ಅಂತ ಹಾಕೋಣ ಬಿಡ್ರಿ" ಎಂದರೆ ಒಪ್ಪಬೇಡಿ. ಪಾಲಿಸಿ ಸುಲಭವಾಗಿ ಕೈಗೆ ಬರುತ್ತದೆ, ಕ್ಲೇಮ್ ಅದೇ ಸುಲಭದಲ್ಲಿ ಬಿದ್ದುಹೋಗುತ್ತದೆ. ಹಲವು ದಿನ ಮಳೆ ಹಿಡಿದು ನೆನೆದ ಗೋಡೆ ಬಿದ್ದರೆ ಅದನ್ನು ಪ್ರವಾಹ ಅಥವಾ ಜಲಾವೃತ ಎಂದು ಪರಿಗಣಿಸುತ್ತೀರಾ ಎಂಬ ಪ್ರಶ್ನೆಯನ್ನು ಕಂಪನಿಗೆ ಇಮೇಲ್‌ನಲ್ಲಿ ಕೇಳಿ, ಉತ್ತರ ಕಾದಿಡಿ. ಹಾನಿ ಅಳೆಯಲು ವಿಮಾ ಕಂಪನಿ ನೇಮಿಸುವ ಸರ್ವೇಯರ್ ಬಂದಾಗ ನಡೆಯುವ ವಾದ ಅದೇ.

ಹೆಸರಿನ ವಿಚಾರವೂ ಇದೆ. ಮನೆ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದು ಪಾಲಿಸಿ ಮೊಮ್ಮಗನ ಹೆಸರಿನಲ್ಲಿದ್ದರೆ ತಕರಾರು ಖಚಿತ. ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ 9, 11 ಮಾಡಿಸಿಕೊಳ್ಳಿ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಹೊಸ ಜಾಗದಲ್ಲಿ ಮನೆ ಪಡೆದು ಹಳೆಯ ಊರಲ್ಲೇ ಉಳಿದಿರುವ ಕುಟುಂಬಗಳು ಹಳೆಯ ಮನೆಯ ಹಕ್ಕು ಇನ್ನೂ ತಮ್ಮ ಹೆಸರಿನಲ್ಲಿದೆಯೇ ಎಂದು ಮೊದಲು ನೋಡಬೇಕು. ಹಕ್ಕಿಲ್ಲದ ಸೊತ್ತಿಗೆ ಪ್ರೀಮಿಯಂ ಕಟ್ಟಿ ಉಪಯೋಗವಿಲ್ಲ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಇದ್ದವರು ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಕೇಳಿ.

ಹೆಜ್ಜೆ 6: ಬೆಳೆವಿಮೆಯಲ್ಲಿ ಹೊಳೆಸಾಲಿನವರು ಸೋಲುವುದು ಎಲ್ಲಿ?

ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಮುಂಗಾರು ಆಹಾರ ಹಾಗೂ ಎಣ್ಣೆಕಾಳು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಬೆಳೆಗೆ ಶೇ 5. 2020ರ ಮುಂಗಾರಿನಿಂದ ಸಾಲಗಾರರಿಗೂ ಇದು ಐಚ್ಛಿಕ. ಹಾಗಾಗಿ "ಪಿಕೆಪಿಎಸ್‌ನಾಗ ಸಾಲ ಐತಿ, ವಿಮಾ ಆಗಿರ್ತದ" ಎಂದು ಸುಮ್ಮನಿರದೆ ಆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ರಸೀದಿ ಕೇಳಿ. ರಾಜ್ಯದ ‘ಸಂರಕ್ಷಣೆ’ ಜಾಲತಾಣದಲ್ಲಿ ನಿಮ್ಮ ಸರ್ವೇ ನಂಬರ್ ಹಾಕಿಯೂ ಪರಿಶೀಲಿಸಬಹುದು. ಮುಂಗಾರಿನ ಕೊನೆಯ ದಿನ ಸಾಮಾನ್ಯವಾಗಿ ಜುಲೈ ಅಂತ್ಯ, ಹೆಸರಿನಂಥ ಬೇಗ ಬರುವ ಬೆಳೆಗೆ ಅದಕ್ಕೂ ಮುಂಚೆ. ಕೃಷ್ಣೆಗೆ ನೀರು ಬರುವುದೂ ಜುಲೈ ಕೊನೆ, ಆಗಸ್ಟ್‌ನಲ್ಲಿ. ಕೊನೆಯ ದಿನದವರೆಗೆ ಕಾಯುವುದು ಇಲ್ಲಿ ಜಾಣತನವಲ್ಲ.

ಈ ಯೋಜನೆ ಮೂಲತಃ ಪ್ರದೇಶದ ಸರಾಸರಿ ನೋಡುತ್ತದೆ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಘಟಕ. ಬೆಳೆ ಕಟಾವು ಪ್ರಯೋಗದ ಸರಾಸರಿ ಇಳುವರಿ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಹಣ. ಹೊಳೆಸಾಲಿನ ಸಂಕಟ ಇಲ್ಲೇ: ಪಂಚಾಯಿತಿಯ ಅರ್ಧ ಹೊಲ ದಿನ್ನೆಯ ಮೇಲೆ ಚೆನ್ನಾಗಿ ಬೆಳೆದು, ದಂಡೆಯ ಹೊಲ ಮಾತ್ರ ಮುಳುಗಿದ್ದರೆ ಸರಾಸರಿ ಕುಸಿಯುವುದಿಲ್ಲ, ಹಣವೂ ಬರುವುದಿಲ್ಲ.

ಅಂಥವರಿಗೆ ಇರುವ ದಾರಿ ‘ಸ್ಥಳೀಯ ವಿಪತ್ತು’ ಎಂಬ ಕಲಂ. ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟ, ಸಿಡಿಲಿನ ಬೆಂಕಿಗೆ ನಿಮ್ಮ ಹೊಲವನ್ನೇ ಪ್ರತ್ಯೇಕವಾಗಿ ನೋಡುತ್ತಾರೆ. ಷರತ್ತು ಒಂದೇ: ಹಾನಿಯಾದ 72 ಗಂಟೆಯೊಳಗೆ ದೂರು ಕೊಡಬೇಕು. 14447ಕ್ಕೆ ಕರೆ ಮಾಡಿ, ಅಥವಾ ಕ್ರಾಪ್ ಇನ್ಶೂರೆನ್ಸ್ ಆ್ಯಪಿನಲ್ಲಿ ದಾಖಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ನೀರು ಇಳಿಯಲಿ, ನೋಡಿ ಹೇಳೋಣ ಎಂದು ಕಾದರೆ ಗಡುವು ನೀರಿನಲ್ಲೇ ಮುಗಿಯುತ್ತದೆ. ದೂರದಿಂದಲೇ ಮುಳುಗಿದ ಹೊಲದ ಫೋಟೊ ತೆಗೆದು ಅಂದೇ ತಿಳಿಸಿ.

ಕಬ್ಬು, ಭತ್ತದವರಿಗೆ ಕೆಟ್ಟ ಸುದ್ದಿ: 2018ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಭತ್ತ, ಕಬ್ಬು, ಸೆಣಬಿನಂಥ ನೀರು ಬಯಸುವ ಬೆಳೆಗಳನ್ನು ಜಲಾವೃತದ ಕಲಮಿನಿಂದ ಹೊರಗಿಟ್ಟರು. ಭತ್ತವನ್ನು 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಕೃಷ್ಣಾ ತೀರದ ಮುಖ್ಯ ಬೆಳೆಯೇ ಕಬ್ಬು. ಎಂಟು ಹತ್ತು ದಿನ ಸುಳಿ ಮುಳುಗಿ ನಿಂತರೆ ಅದೂ ಕೊಳೆಯುತ್ತದೆ ಎಂಬುದು ನಿಯಮ ಬರೆದವರಿಗೆ ಹೊಳೆದಂತಿಲ್ಲ. ಹೀಗಾಗಿ ದಂಡೆಯ ಕಬ್ಬಿನವರು ವಿಮೆಯ ಮೇಲೆ ಭರವಸೆ ಇಡದೆ ಪರಿಹಾರದ ಅರ್ಜಿಯನ್ನೇ ಬಿಗಿಯಾಗಿ ಹಿಡಿಯಬೇಕು.

ಇನ್ನೊಂದು ಗುಂಡಿ: ವಿಮೆ ಮಾಡಿಸಿದ್ದು ಸೋಯಾ, ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿದ್ದು ಗೋವಿನಜೋಳ. ಹೊಂದಾಣಿಕೆಯಾಗದೆ ಕ್ಲೇಮ್ ತಿರಸ್ಕಾರ. ಸಮೀಕ್ಷೆ ಆ್ಯಪಿನಲ್ಲಿ ನಿಮ್ಮ ಉತಾರದ ಎದುರು ಯಾವ ಬೆಳೆ ಬಂದಿದೆ ಎಂದು ನೀವೇ ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯಲ್ಲೇ ತಿದ್ದಿಸಿ.

ಹೆಜ್ಜೆ 7: ದನ, ಗಾಡಿ, ಜೀವ

ಜಾನುವಾರು ವಿಮೆಗೆ ಪಶು ಆಸ್ಪತ್ರೆಯಲ್ಲಿ ಕೇಳಿ, ಪ್ರೀಮಿಯಂನ ಬಹುಪಾಲು ಸರ್ಕಾರ ಭರಿಸುತ್ತದೆ. ಕಿವಿಯ ಟ್ಯಾಗ್ ಬಿದ್ದಿದ್ದರೆ ಕ್ಲೇಮ್ ಇಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ ಕಿವಿ ನೋಡಿ, ಟ್ಯಾಗ್ ಕಾಣುವಂತೆ ಫೋಟೊ ಇಡಿ.

ಬೈಕು, ಟ್ರ್ಯಾಕ್ಟರಿಗೆ ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ನೀರಿನ ಹಾನಿಗೆ ಒಂದು ರೂಪಾಯಿಯೂ ಬಾರದು. ಪೂರ್ಣ ವಿಮೆ ಇದ್ದರೂ ಮುಳುಗಿದ ಗಾಡಿಯ ಕೀಲಿ ತಿರುಗಿಸಿ ಎಂಜಿನ್ ಕೆಡಿಸಿಕೊಂಡರೆ, ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದಿದ್ದಲ್ಲಿ, ಆ ಭಾಗವನ್ನು ಕಂಪನಿ ನಿರಾಕರಿಸುತ್ತದೆ. ಎಳೆಸಿಕೊಂಡು ಹೋಗಿ, ಚಾಲೂ ಮಾಡಬೇಡಿ.

ವರ್ಷಕ್ಕೆ ₹20ರ ಸುರಕ್ಷಾ ಬಿಮಾ ಯೋಜನೆ ನೀರಿನಲ್ಲಿ ಮುಳುಗಿ ಸತ್ತರೂ ₹2 ಲಕ್ಷ ಕೊಡುತ್ತದೆ. ಬ್ಯಾಂಕ್ ಖಾತೆಯಲ್ಲಿ ಆ ₹20 ಮೇ ಕೊನೆಯಲ್ಲಿ ಕಡಿತವಾಗಿದೆಯೇ ನೋಡಿ. ಕ್ಲೇಮಿಗೆ ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆ ಬೇಕಾಗುತ್ತವೆ.

ಹೆಜ್ಜೆ 8: ಮೇ ತಿಂಗಳ ಕೆಲಸ

ಪ್ರೀಮಿಯಂ ಕಂಪನಿಗೆ ತಲುಪಿದ ಮೇಲಷ್ಟೇ ರಕ್ಷಣೆ ಶುರು. ಹೊಳೆ ಏರುತ್ತಿರುವಾಗ ಅರ್ಜಿ ಹಾಕಿದರೆ ಕಂಪನಿ ಒಪ್ಪುವುದು ಕಷ್ಟ. ಮೇ ತಿಂಗಳಲ್ಲೇ ಮುಗಿಸಿ. ಮನೆಯ ಪ್ರತಿ ಕೋಣೆಯ ವಿಡಿಯೊ ಮಾಡಿ: ಗೋಡೆ, ಮಾಳಿಗೆ, ಫ್ರಿಜ್ಜು, ಟಿವಿಯ ನಂಬರ್ ಫಲಕ. ಅದನ್ನು ಊರಾಚೆಯ ಸಂಬಂಧಿಕರ ಫೋನಿಗೆ ಕಳಿಸಿಡಿ. ನಿಮ್ಮ ಫೋನೂ ಮುಳುಗಬಹುದು. ಉತಾರ, ಆಧಾರ್, ಪಾಸ್‌ಬುಕ್, ಪಾಲಿಸಿಯ ಪ್ರತಿ ಅಲ್ಲಿಯೇ ಇರಲಿ.

ಹೆಜ್ಜೆ 9: ನೀರು ಇಳಿದ ಮೇಲೆ

ಮೀಟರ್ ಒಣಗಿ, ಹೆಸ್ಕಾಂನವರು ನೋಡುವವರೆಗೆ ಮೇನ್ ಹಾಕಬೇಡಿ. ಜಿಲ್ಲಾ ನಿಯಂತ್ರಣ ಕೊಠಡಿ ಸಂಖ್ಯೆ 1077.

ಕೆಸರು ತೊಳೆಯುವ ಮೊದಲೇ ಫೋಟೊ. ಗೋಡೆಯ ನೀರಿನ ಗೆರೆಗೆ ಅಳತೆ ಪಟ್ಟಿ ಹಿಡಿದು ಒಂದು, ಮನೆ ನಂಬರ್ ಕಾಣುವಂತೆ ಒಂದು, ಹಾಳಾದ ಪ್ರತಿ ಸಾಮಾನಿನದೂ ಒಂದೊಂದು. ಕಂಪನಿಯ ಟೋಲ್ ಫ್ರೀ ನಂಬರಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ, ಕಾಳಜಿ ಕೇಂದ್ರದಲ್ಲಿ ಕುಳಿತೇ ಮಾಡಬಹುದು. ನೆನೆದ ಜೋಳ, ಹಾಸಿಗೆ ನಾರುತ್ತವೆ, ಸರ್ವೇಯರ್ ಬರುವವರೆಗೆ ಇಟ್ಟುಕೊಳ್ಳಲಾಗದು. ಎಷ್ಟು ಚೀಲ, ಎಷ್ಟು ಬೆಲೆ ಎಂದು ಪಟ್ಟಿ ಮಾಡಿ, ಫೋಟೊ ತೆಗೆದು, ಹೊರಹಾಕುತ್ತಿರುವುದಾಗಿ ಕಂಪನಿಗೆ ಸಂದೇಶ ಕಳಿಸಿ ಆಮೇಲೆ ಹಾಕಿ. ಬಿದ್ದ ಗೋಡೆಯನ್ನು ಮಾತ್ರ ಸರ್ವೇಯರ್ ನೋಡುವವರೆಗೆ ಕದಲಿಸಬೇಡಿ, ಅಪಾಯವಿದ್ದರೆ ಬೇರೆ ಮಾತು.

ಗ್ರಾಮ ಆಡಳಿತಾಧಿಕಾರಿ, ಪಿಡಿಒ, ಎಂಜಿನಿಯರ್ ಸೇರಿ ಮಾಡುವ ಪಂಚನಾಮೆ ಸರ್ಕಾರಿ ಪರಿಹಾರಕ್ಕೆ, ಸರ್ವೇಯರ್ ವರದಿ ವಿಮೆಗೆ. ಎರಡೂ ಬೇರೆ. ಆದರೆ ಪಂಚನಾಮೆಯಲ್ಲಿ ‘ಮಳೆಯಿಂದ ಭಾಗಶಃ ಹಾನಿ’ ಎಂದು ಬರೆದದ್ದನ್ನು ವಿಮಾ ಕಂಪನಿ ನಿಮ್ಮ ವಿರುದ್ಧ ಎತ್ತಿ ತೋರಿಸಬಹುದು. ಸಹಿ ಹಾಕುವ ಮುನ್ನ ಓದಿ, ನೀರು ಎಷ್ಟು ಅಡಿ ನಿಂತಿತ್ತು, ಎಷ್ಟು ದಿನ ನಿಂತಿತ್ತು ಎಂಬುದನ್ನು ಅದರಲ್ಲಿ ಬರೆಸಿ, ಪ್ರತಿ ಕೇಳಿ.

2024ರ ಪ್ರಾಧಿಕಾರದ ಸುತ್ತೋಲೆಯಂತೆ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ಕಂಪನಿಯ ತೀರ್ಮಾನ ಆಗಬೇಕು. ಸುತ್ತಲಿನ ರಸ್ತೆಗಳೆಲ್ಲ ಕಡಿದಾಗ ತಡವಾಗುತ್ತದೆ, ನಿಜ. ಆದರೂ ಈ ದಿನಗಳನ್ನು ಹೆಸರಿಸಿ ಇಮೇಲ್ ಹಾಕಿದವರ ಕಡತ ಹಾಕದವರದಕ್ಕಿಂತ ಬೇಗ ಚಲಿಸುತ್ತದೆ.

ಹೆಜ್ಜೆ 10: ಇಲ್ಲ ಎಂದರೆ

ತಿರಸ್ಕಾರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಪಾಲಿಸಿಯ ಯಾವ ಷರತ್ತಿನಡಿ ಎಂದು ಬರಹದಲ್ಲಿ ಕೇಳಿ. ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣ ಅಥವಾ 155255ರ ಮೂಲಕವೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ) ಕಚೇರಿಗೆ ಅರ್ಜಿ ಹಾಕಿ. ₹50 ಲಕ್ಷದವರೆಗಿನ ವ್ಯಾಜ್ಯ ಅವರ ವ್ಯಾಪ್ತಿಯಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ನೀರಿನ ಗೆರೆಗೆ ಅಳತೆ ಪಟ್ಟಿ ಹಿಡಿದ ಫೋಟೊ, ಪಂಚನಾಮೆಯ ಪ್ರತಿ, ಕ್ಲೇಮ್ ಸಂಖ್ಯೆ ಮತ್ತು ಕಂಪನಿಗೆ ಕಳಿಸಿದ ಇಮೇಲ್‌ಗಳನ್ನು ತಾರೀಖಿನ ಕ್ರಮದಲ್ಲಿ ಅರ್ಜಿಯ ಜೊತೆ ಲಗತ್ತಿಸಿ.